ಮೊಬೈಲು ಹೇಳಿದ ಹೊತ್ತು, ನಾನು ತಲುಪಿದ ಹೊತ್ತು

ಐವತ್ತು ದಾಟಿದ ಮೇಲೆ ಓಡಲು ಶುರು ಮಾಡಿದವನಿಗೆ ಅವಮಾನಗಳ ಬರ ಇರುವುದಿಲ್ಲ. ನನ್ನವು ಬಹುತೇಕ ಮೊಬೈಲಿನಿಂದಲೇ ಬಂದವು. ಅದರಲ್ಲೊಂದು ಕ್ಯಾಲ್ಕುಲೇಟರ್ ಇದೆ. ಸಣ್ಣ ಓಟದ ಸಮಯ ಹಾಕಿದರೆ, ದೊಡ್ಡ ಓಟವನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ ಎಂದು ಹೇಳುತ್ತದೆ. ನಾನು ನಂಬಿದೆ. ಮಗ್ಗದ ಬಿಡಿಭಾಗ ಮಾರುವ ಅಂಗಡಿಯವನು ಏನನ್ನೂ ಅಷ್ಟು ನಂಬಬಾರದು.

ಇಚಲಕರಂಜಿ

ಒಂದು ಮುಂಜಾನೆ ನಾಯಿಯೊಂದು ಬೆನ್ನು ಹತ್ತಿತು. ಅದರ ಕೃಪೆಯಿಂದ ಐದು ಕಿಲೋಮೀಟರನ್ನು ಹಿಂದೆಂದೂ ಓಡದಷ್ಟು ಜೋರಾಗಿ ಓಡಿದೆ. ಆ ಸಮಯ ಹಾಕಿದರೆ ಕ್ಯಾಲ್ಕುಲೇಟರ್, 'ಫುಲ್ ಮ್ಯಾರಥಾನ್ ನಾಲ್ಕು ತಾಸಿನೊಳಗೆ' ಎಂದಿತು. ಹಿಗ್ಗಿ ಹೆಂಡತಿಗೆ ತೋರಿಸಿದೆ.

"ನಲವತ್ತೆರಡು ಕಿಲೋಮೀಟರ್ ಹಿಂಗ ಓಡ್ತೀರೇನು?"

"ಹೌದು. ಲೆಕ್ಕಾನ ಹೇಳಾಕತ್ತೈತಿ."

"ನಾಯೀನೂ ಅಷ್ಟು ದೂರ ಬರತೈತೇನ್ರಿ?"

ಗಡಹಿಂಗ್ಲಜ

ಇಲ್ಲಿ ಅರ್ಧ ಮ್ಯಾರಥಾನ್. ಎರಡು ತಾಸು ಸಾಕೆಂದಿತ್ತು ಮೊಬೈಲು. ಆದರೆ ದಾರಿಯಲ್ಲಿ ಏರು ಇದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಅರ್ಧ ಏರಿಗೆ ಕಾಲು ಕೈಕೊಟ್ಟವು. ನೀರು ಕೊಡುವವರು ಟೇಬಲ್ ಮಡಚಿ ಹೋಗಿದ್ದರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಏದುಸಿರು ಬಿಡುತ್ತ ಬಂದು ನನ್ನನ್ನು ಹಿಂದೆ ಹಾಕಿತು. ಡ್ರೈವರ್‌ಗೆ ಕನಿಕರ ಬಂತು; ಗಾಡಿ ಹತ್ತಿ ಕೂಡಲು ಮರಾಠಿಯಲ್ಲಿ ಕರೆದ.

"ಕಾಕಾ, ಬಸಾ ಗಾಡೀತ."

"ನಕೋ ರೇ, ಸ್ಪರ್ಧಾ ಆಹೆ," ಬೇಡಪ್ಪ, ಸ್ಪರ್ಧೆ ನಡೆದಿದೆ ಎಂದೆ ನಾನೂ ಮರಾಠಿಯಲ್ಲೇ.

ಅವನು ಮುಂದೆ ನೋಡಿದ, ಹಿಂದೆ ನೋಡಿದ. ರಸ್ತೆಯ ಮೇಲೆ ನರಪಿಳ್ಳೆಯೂ ಇಲ್ಲ. ಮೆಲ್ಲಗೆ ಕನ್ನಡದಲ್ಲಿ ಕೇಳಿದ: "ಸ್ಪರ್ಧಾ ಯಾರ ಜೋಡಿ, ಕಾಕಾ?"

ಕೊಲ್ಹಾಪುರ

ಕ್ಯಾಲ್ಕುಲೇಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ, 'ಆ ದೂರಕ್ಕೆ ತಕ್ಕ ತಯಾರಿ ಇದ್ದರೆ ಮಾತ್ರ' ಎಂದಿತ್ತು. ನನ್ನ ತಯಾರಿಯೆಂದರೆ ದಿನಾ ಆ ಅಂಕಿ ನೋಡುವುದು. ಆದರೂ ಫುಲ್ ಮ್ಯಾರಥಾನಿಗೆ ಹೆಸರು ಕೊಟ್ಟೆ. ಬಾಳಿನಲ್ಲಿ ಒಂದಾದರೂ ಕೆಲಸ ಹೇಳಿದ ಹೊತ್ತಿಗೆ ಮುಗಿಸಬೇಕೆಂಬ ಆಸೆ. ಕ್ಯಾಲ್ಕುಲೇಟರ್ ಹೇಳಿದ ಹೊತ್ತನ್ನು ಬಳಗಕ್ಕೆಲ್ಲ ತಿಳಿಸಿದೆ.

ಕೊನೆಯ ಹತ್ತು ಕಿಲೋಮೀಟರ್ ನಡೆದೆ, ಕೂತೆ, ಅತ್ತೆ. ಗುರಿ ಮುಟ್ಟಿದಾಗ ಅಲ್ಲಿನ ಕಮಾನು ಬಿಚ್ಚುತ್ತಿದ್ದರು. ಹೆಂಡತಿ ಆ ಹೊತ್ತನ್ನು ನಂಬದೆ ಮಿಸಳ್ ತಿನ್ನಲು ಹೋಗಿದ್ದಳು. ಅವಳ ತಮ್ಮನೊಬ್ಬನೇ ನಿಂತಿದ್ದ, ನನ್ನನ್ನು ಕಂಡು ಬೆಪ್ಪಾಗಿ.

"ಮಾಮಾ! ನೀವು ಆಗಳೇ ಬಂದ್ರಲ್ಲ?"

"ನಾನೆಲ್ಲಿ ಬಂದಿದ್ದೆ?"

"ಮತ್ತ ನಾ ಹಾರ ಯಾರಿಗಿ ಹಾಕಿದ್ನಿ?"

ಕ್ಯಾಲ್ಕುಲೇಟರ್ ಹೇಳಿದ ಹೊತ್ತಿಗೆ ಸರಿಯಾಗಿ ಒಬ್ಬ ಬಂದಿದ್ದನಂತೆ. ಎಲ್ಲರಿಗೂ ಕೊಟ್ಟ ಅದೇ ಕಿತ್ತಳೆ ಟಿ-ಶರ್ಟು, ಟೋಪಿ, ಕಪ್ಪು ಕನ್ನಡಕ. ಈ ಭಾವಮೈದುನ ಗದ್ದಲದಲ್ಲಿ ನುಗ್ಗಿ ಹಾರ ಹಾಕಿದ್ದಾನೆ, ಪೇಢೆ ತಿನ್ನಿಸಿದ್ದಾನೆ. ಅವನಿಗೆ 'ನಾನಲ್ಲ' ಎನ್ನುವಷ್ಟೂ ಉಸಿರಿರಲಿಲ್ಲ. ಇವನು ಫೋಟೋ ತೆಗೆದು ಬಳಗದ ಗ್ರೂಪಿಗೂ ಹಾಕಿಬಿಟ್ಟಿದ್ದ. ಅಭಿನಂದನೆಗಳ ರಾಶಿ ಬಿದ್ದಿತ್ತು. ಯಾರೊಬ್ಬರಿಗೂ ಸಂಶಯ ಬಂದಿರಲಿಲ್ಲ.

ಆಗಲೇ ಶಿರೋಳದಿಂದ ಅವ್ವನ ಫೋನ್ ಬಂತು. ಹೆತ್ತವಳಿಗಾದರೂ ಗುರುತು ಸಿಕ್ಕಿರಬೇಕೆಂದು ಆಸೆಯಿಂದ ಎತ್ತಿದೆ.

"ತಮ್ಮಾ, ಫೋಟೋ ನೋಡಿದ್ನಿ," ಎಂದಳು. "ಓಡೂದು ಬಿಡಬ್ಯಾಡ. ಹುಟ್ಟಿದಾಗಿಂದ ನೀ ಇಷ್ಟು ಚಂದ ಕಂಡಿದ್ದ ಇಲ್ಲ ನೋಡು!"