ಒತ್ತದೆ ಬಿಟ್ಟ ಬೀಗದ ಕುರಿತು

ಸಂಖ್ಯೆ: ಕಟ್ಟಡ/ಬೆಂಕಿ/ಬೀಗ/27/ಮೂರನೇ ತಿದ್ದುಪಡಿ
ದಿನಾಂಕ: ಸೀಲು ಮಸುಕಾಗಿದೆ, ಬೆಂಕಿ ಬಿದ್ದ ಇಪ್ಪತ್ತನೆಯ ದಿನ ಎಂದು ಓದಿಕೊಳ್ಳುವುದು

ಸುತ್ತೋಲೆ

ವಿಷಯ: ಕಚೇರಿಯ ಮೂರನೇ ಮಹಡಿಯ ತುರ್ತು ಬಾಗಿಲಿಗೆ ಬೀಗ ಹಾಕಿತ್ತೇ ಇಲ್ಲವೇ ಎಂಬ ಬಗ್ಗೆ, ಹಾಗೂ ಅಗ್ನಿ ಸುರಕ್ಷತೆಯ ಪದಗಳಿಗೆ ಅರ್ಥ ನಿಗದಿಪಡಿಸುವ ಬಗ್ಗೆ.

ಉಲ್ಲೇಖ: (1) ಮೇಲಿನ ಕಚೇರಿಯ ಪತ್ರ: ‘ತುರ್ತು ಬಾಗಿಲಿಗೆ ಬೀಗ ಹಾಕದೆ ಕರ್ತವ್ಯಲೋಪ ಎಸಗಿದವರನ್ನು ಏಳು ದಿನದೊಳಗೆ ಕೆಲಸದಿಂದ ತೆಗೆದು ವರದಿ ಮಾಡುವುದು.’
(2) ಸದರಿ ಪತ್ರದ ಜ್ಞಾಪನ.
(3) ಸದರಿ ಜ್ಞಾಪನದ ಜ್ಞಾಪನ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಮೂರನೇ ಮಹಡಿಯಲ್ಲಿ ಒಂದೇ ಪ್ಲಗ್ ಬೋರ್ಡಿಗೆ ಎರಡು ಕಂಪ್ಯೂಟರು, ಒಂದು ಫ್ಯಾನು ಹಾಗೂ ನೀರು ಕಾಯಿಸುವ ಕೆಟಲನ್ನು ಸಿಕ್ಕಿಸಲಾಗಿದ್ದು, ಬೋರ್ಡಿನ ಮೇಲೆ ‘ಅಗ್ನಿ ಸುರಕ್ಷತಾ ಸಪ್ತಾಹ’ದ ಬಟ್ಟೆ ಬ್ಯಾನರನ್ನು ಮಡಚಿ ಇಡಲಾಗಿತ್ತು. ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಬ್ಯಾನರು ಹೊತ್ತಿಕೊಂಡಿತು. ಹಾಜರಿ ಪುಸ್ತಕದ ಪ್ರಕಾರ ಮಹಡಿಯಲ್ಲಿದ್ದ ಇಪ್ಪತ್ತೇಳು ಮಂದಿಯೂ ಹಿಂಬದಿಯ ಕಬ್ಬಿಣದ ಮೆಟ್ಟಿಲಿನಿಂದ ಇಳಿದು ಜೀವ ಉಳಿಸಿಕೊಂಡಿದ್ದಾರೆ. ಇದರಿಂದ ಕಚೇರಿಗೆ ತೀವ್ರ ತೊಂದರೆಯಾಗಿರುತ್ತದೆ.

1. ಸಿಬ್ಬಂದಿಯವರು ಅಗ್ನಿ ಸುರಕ್ಷತೆಯ ಪದಗಳನ್ನು ಬಾಯಿಗೆ ಬಂದಂತೆ ಬಳಸುತ್ತಿರುವುದರಿಂದ, ಇನ್ನು ಮುಂದೆ ಅವನ್ನು ಈ ಕೆಳಗಿನಂತೆ ಅರ್ಥೈಸತಕ್ಕದ್ದು:

(ಅ) ‘ಎರಡು ಗಂಟೆಯ ಅಗ್ನಿ ನಿರೋಧಕ ಬಾಗಿಲು’ ಎಂದರೆ ಮುಖ್ಯ ಮೆಟ್ಟಿಲಿನ ಮುಂದಿರುವ, ತಾನಾಗಿಯೇ ಮುಚ್ಚಿಕೊಳ್ಳುವ, ಬೆಂಕಿ ಹೊಗೆಗಳನ್ನು ಎರಡು ಗಂಟೆ ತಡೆದು ನಿಲ್ಲಿಸುವ ದಪ್ಪ ಬಾಗಿಲು. ಮುಚ್ಚಿದ್ದರೆ ಮಾತ್ರ ತಡೆಯುತ್ತದೆ ಎಂದು ತಯಾರಕರು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಚಹಾ ತರುವವರಿಗೆ ಅಡ್ಡಿಯಾಗುತ್ತದೆಂದು ಇದನ್ನು ಆರು ವರ್ಷಗಳಿಂದ ತೆರೆದೇ ಇಡಲಾಗಿದೆ. ಆ ದಿನ ಹೊಗೆಯೂ ಚಹಾದಂತೆಯೇ ಸಲೀಸಾಗಿ ಓಡಾಡಿ, ಮುಖ್ಯ ಮೆಟ್ಟಿಲನ್ನು ತುಂಬಿಕೊಂಡಿತು.

(ಆ) ‘ಅಗ್ನಿಶಾಮಕ ಸಿಲಿಂಡರ್’ ಎಂದರೆ ಸದರಿ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತುಗೊಟ್ಟಿರುವ ಕೆಂಪು ವಸ್ತು. ಬೇರೆ ಉಪಯೋಗವಿದ್ದಲ್ಲಿ ತಿಳಿದವರು ಲಿಖಿತವಾಗಿ ತಿಳಿಸುವುದು.

(ಇ) ‘ಹೊಗೆ ಗಂಟೆ’ ಎಂದರೆ ಚಾವಣಿಯಲ್ಲಿರುವ ಬಿಳಿ ಡಬ್ಬಿ. ಕೆಟಲಿನ ಹಬೆಗೂ ಕೂಗಿಕೊಳ್ಳುತ್ತಿದ್ದುದರಿಂದ ಅದರ ಸೆಲ್ಲು ತೆಗೆದು ಗೋಡೆ ಗಡಿಯಾರಕ್ಕೆ ಹಾಕಲಾಗಿದೆ. ಬೆಂಕಿ ಬಿದ್ದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ನಮೂದಿಸಲು ಸಾಧ್ಯವಾಗಿರುವುದು ಇದೇ ಕಾರಣದಿಂದ.

(ಈ) ‘ಅದಹ್ಯ ವಸ್ತು’ ಎಂದರೆ ಉರಿಯದ ವಸ್ತು. ಘಟನೆಯ ನಂತರ ಹುಡುಕಲಾಗಿ ಗೋಡೆ, ನೆಲ ಹಾಗೂ ಸೂಪರಿಂಟೆಂಡೆಂಟರ ಸ್ಟೀಲ್ ಲೋಟ ಮಾತ್ರ ಈ ವರ್ಗಕ್ಕೆ ಸೇರುತ್ತವೆಂದು ಕಂಡುಬಂದಿದೆ. ಇಡೀ ಮಹಡಿ ‘ಅಗ್ನಿ ನಿರೋಧಕ ನಿರ್ಮಾಣ’ ಎಂಬುದಕ್ಕೆ ಪ್ರಮಾಣಪತ್ರವಿತ್ತು. ಅದು ಬ್ಯಾನರಿನ ನಂತರ ಎರಡನೆಯದಾಗಿ ಉರಿಯಿತು.

(ಉ) ‘ತುರ್ತು ಬಾಗಿಲು’ ಎಂದರೆ ಹಿಂಬದಿಯ ಕಬ್ಬಿಣದ ಮೆಟ್ಟಿಲಿಗೆ ತೆರೆದುಕೊಳ್ಳುವ ಬಾಗಿಲು. ನಾಲ್ಕು ಗಂಟೆಗೇ ಮನೆಗೆ ಜಾರಿಕೊಳ್ಳುವವರಿಗೆ ಇದು ರಾಜಮಾರ್ಗವಾಗಿದ್ದರಿಂದ ಒಂಬತ್ತು ವರ್ಷಗಳ ಹಿಂದೆ ಬೀಗ ಹಾಕಲು ಆದೇಶವಾಯಿತು. ಬೀಗದ ಕೀಲಿ ಗಾಜಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ಸೂಪರಿಂಟೆಂಡೆಂಟರ ಮೇಜಿನಲ್ಲಿ, ಮೇಜಿನ ಕೀಲಿ ಸೂಪರಿಂಟೆಂಡೆಂಟರ ಜೇಬಿನಲ್ಲಿ, ಸೂಪರಿಂಟೆಂಡೆಂಟರು ಆ ದಿನ ಮಗಳ ಮನೆಯಲ್ಲಿ.

2. ಈ ಮಹಡಿಯನ್ನು ಗುಡಿಸಿ ಒರೆಸುವ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ನೌಕರರೊಬ್ಬರನ್ನು ಎಲ್ಲರೂ ‘ಅಕ್ಕ’ ಎಂದು ಕರೆಯುವ ರೂಢಿಯಿದ್ದು, ಈ ಸುತ್ತೋಲೆಯಲ್ಲೂ ಹಾಗೆಯೇ ಕರೆಯಲಾಗಿದೆ. ಅಕ್ಕನವರು ದಿನಾ ಬೆಳಿಗ್ಗೆ ಕೀಲಿ ಪಡೆದು, ಹಿಂದಿನ ಮೆಟ್ಟಿಲು ಗುಡಿಸಿ, ಬೀಗವನ್ನು ಕೊಂಡಿಗೆ ಸಿಕ್ಕಿಸಿ ಒತ್ತಿ, ಕೀಲಿ ಹಿಂದಿರುಗಿಸಿ, ‘ಬೀಗ ಹಾಕಿದೆ’ ಎಂಬ ವಹಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಹೆಬ್ಬೆಟ್ಟನ್ನು ಅವರು ಒಂದು ದಿನವೂ ತಪ್ಪದೆ ಒತ್ತಿದ್ದಾರೆ. ಬೀಗವನ್ನು ಒಂದು ದಿನವೂ ಒತ್ತಿಲ್ಲ. ಒಂಬತ್ತು ವರ್ಷ ಅದು ಹಾಕಿದಂತೆ ಕಾಣುತ್ತ ಸುಮ್ಮನೆ ನೇತಾಡಿಕೊಂಡಿತ್ತು. ಸೂಪರಿಂಟೆಂಡೆಂಟರು ರಜೆಯಲ್ಲಿದ್ದಾಗಲೂ, ಅಂದರೆ ಕೀಲಿಯೇ ಇಲ್ಲದಾಗಲೂ, ಹಿಂದಿನ ಮೆಟ್ಟಿಲು ಸ್ವಚ್ಛವಾಗಿರುತ್ತಿತ್ತೆಂಬುದನ್ನು ಈಗ ನೆನಪಿಸಿಕೊಳ್ಳಲಾಗಿದೆ.

3. ವಿಚಾರಣೆಯಲ್ಲಿ ಅಕ್ಕನವರು ನೀಡಿದ ಹೇಳಿಕೆ: “ಅದನ್ನ ಒತ್ತಿದ್ರೆ ಕಟಕ್ ಅನ್ನುತ್ತೆ ಸಾರ್. ಆ ಸದ್ದು ನನ್ ಕೈಲಿ ತಡ್ಕೊಳೋಕಾಗಲ್ಲ. ನಮ್ಮಕ್ಕ ಬಟ್ಟೆ ಹೊಲಿಯೋ ಶೆಡ್ಡಲ್ಲಿ ಕೆಲಸ ಮಾಡ್ತಿದ್ಳು. ಅಲ್ಲಿ ಬೀಗ ಚೆನ್ನಾಗೇ ಹಾಕಿದ್ರು.”

ಕೊನೆಯ ಎರಡು ವಾಕ್ಯಗಳು ಈ ಕಚೇರಿಗೆ ಸಂಬಂಧಪಟ್ಟಿಲ್ಲವಾದ್ದರಿಂದ ಅವನ್ನು ತೆಗೆದುಹಾಕುವಂತೆ ಟೈಪಿಸ್ಟರಿಗೆ ಮೂರು ಬಾರಿ ಸೂಚಿಸಲಾಗಿದೆ. ಮೂರು ಬಾರಿಯೂ ಅವು ಮತ್ತೆ ಟೈಪಾಗಿ ಬಂದಿವೆ. ನಾಲ್ಕನೇ ಬಾರಿ ಸೂಚಿಸಲಾಗಿಲ್ಲ.

4. ಇನ್ನು ದಾಖಲೆಯ ತೊಡಕು. ತಿಂಗಳಿಗೊಮ್ಮೆ ಬೀಗ ಪರಿಶೀಲಿಸಿ ‘ಭದ್ರವಾಗಿದೆ’ ಎಂದು ಸಹಿ ಮಾಡುವುದು ಶಾಖಾಧಿಕಾರಿಯವರ ಕರ್ತವ್ಯ. ಅವರು ಒಂಬತ್ತು ವರ್ಷಗಳಲ್ಲಿ ನೂರೆಂಟು ಬಾರಿ, ತಮ್ಮ ಕುರ್ಚಿಯಿಂದ ಏಳದೆಯೇ, ಸಹಿ ಮಾಡಿದ್ದಾರೆ. ಸದರಿ ದಾಖಲೆಗಳ ಪ್ರಕಾರ ಬೀಗ ಹಾಕಿತ್ತು. ಬೀಗ ಹಾಕಿದ್ದ ಬಾಗಿಲಿನಿಂದ ಯಾರೂ ಹೊರಬರಲು ಸಾಧ್ಯವಿಲ್ಲ. ಆದಕಾರಣ ಇಪ್ಪತ್ತೇಳು ಮಂದಿಯೂ ಒಳಗೇ ಇದ್ದಾರೆಂದು ತಿಳಿಯಬೇಕಾಗಿದ್ದು, ಮರುದಿನ ಹಾಜರಿ ಪುಸ್ತಕದಲ್ಲಿ ಇವರು ಸಹಿ ಮಾಡಿದ್ದು ಹೇಗೆಂದು ವಿವರಣೆ ಕೇಳಲಾಯಿತು. ಇಪ್ಪತ್ತಾರು ಮಂದಿ ಬೇರೆ ಬೇರೆ ಕೈಬರಹದಲ್ಲಿ ಒಂದೇ ಉತ್ತರ ಕೊಟ್ಟಿದ್ದಾರೆ: “ಹೊಗೇಲಿ ಏನೂ ಕಾಣ್ಲಿಲ್ಲ ಸಾರ್. ಬೀಗಾನೂ ಕಾಣ್ಲಿಲ್ಲ, ಅಕ್ಕಾನೂ ಕಾಣ್ಲಿಲ್ಲ.” ಅಕ್ಕನವರು ಕಂಡರೇ ಎಂದು ಯಾರೂ ಇವರನ್ನು ಕೇಳಿರಲಿಲ್ಲ.

5. ಟೈಪಿಸ್ಟರು ತಾವು ಏಳು ತಿಂಗಳ ಗರ್ಭಿಣಿಯಾಗಿದ್ದು, ಪಾರಾದವರ ಸಂಖ್ಯೆಯನ್ನು ಇಪ್ಪತ್ತೆಂಟು ಎಂದು ತಿದ್ದಬೇಕೆಂದು ಮನವಿ ಸಲ್ಲಿಸಿದ್ದಾರೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆಂಟನೆಯ ಸಹಿ ಇಲ್ಲದ ಕಾರಣ ಮನವಿಯನ್ನು ತಿರಸ್ಕರಿಸಲಾಗಿದೆ.

6. ಉಳಿದ ಇಪ್ಪತ್ತೇಳನೆಯವರು ಕೆಳಗೆ ಸಹಿ ಮಾಡಿರುವ ಶಾಖಾಧಿಕಾರಿಯವರೇ. ಬೀಗ ಪರಿಶೀಲನೆಯ ವಹಿಯನ್ನು ಎದೆಗವಚಿಕೊಂಡು ಮೇಜಿನಡಿ ಕುಳಿತಿದ್ದ ಇವರನ್ನು, ಎಲ್ಲರನ್ನೂ ಇಳಿಸಿ ಮತ್ತೆ ಮೇಲೆ ಬಂದ ಅಕ್ಕನವರು ಕೊರಳಪಟ್ಟಿ ಹಿಡಿದು ಎಳೆದರು. ಆ ಸಂದರ್ಭದಲ್ಲಿ ಆಡಿದ ಮಾತು: “ತಲೆ ಬಗ್ಸೋ! ಪುಸ್ತಕ ಬಿಸಾಕೋ! ನಿನ್ ಹೆಂಡ್ತಿ ಮಕ್ಕಳಿಗೆ ನಾನೇನು ಹೇಳ್ಲಿ?” ಮೇಲಧಿಕಾರಿಯನ್ನು ಏಕವಚನದಲ್ಲಿ ಕರೆದಿರುವುದು ನಡತೆ ನಿಯಮಗಳಿಗೆ ವಿರುದ್ಧ. ಇನ್ನು ಮುಂದೆ ಬೆಂಕಿಯಿಂದ ಎಳೆದುಹಾಕುವಾಗ ಅಧಿಕಾರಿಗಳನ್ನು ‘ತಾವು’ ಎಂದೇ ಸಂಬೋಧಿಸತಕ್ಕದ್ದು. ಹೊಗೆಯಲ್ಲಿ ಹುದ್ದೆ ಕಾಣದಿದ್ದಲ್ಲಿ ಎಲ್ಲರನ್ನೂ ‘ತಾವು’ ಎಂದು ಎಳೆಯತಕ್ಕದ್ದು. ಶಾಖಾಧಿಕಾರಿಯವರ ಮಟ್ಟಿಗೆ, ತಾಯಿ ತೀರಿಕೊಂಡ ಮೇಲೆ ಅವರನ್ನು ಹಾಗೆ ಗದರಿದವರು ಯಾರೂ ಇರಲಿಲ್ಲವೆಂಬುದನ್ನೂ ದಾಖಲಿಸಲಾಗಿದೆ. ಈ ವಾಕ್ಯವನ್ನು ಟೈಪಿಸ್ಟರು ಸೇರಿಸಿದ್ದಲ್ಲ.

7. ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂಬ ಗಾದೆಯನ್ನು ಬರೆದು ಸಲಹಾ ಪೆಟ್ಟಿಗೆಗೆ ಹಾಕಿದವರನ್ನು ಪತ್ತೆ ಮಾಡಲಾಗುತ್ತಿದೆ. ಈ ಕಚೇರಿಯಲ್ಲಿ ದಿಡ್ಡಿ ಬಾಗಿಲು ಇರುವುದಿಲ್ಲ.

8. ಬೀಗವನ್ನು ತಜ್ಞ ಪರೀಕ್ಷೆಗಾಗಿ ಬೀಗ ರಿಪೇರಿಯವರ ಬಳಿ ಕಳುಹಿಸಲಾಯಿತು. ಶಾಖಕ್ಕೆ ಬೀಗ ತಾನಾಗಿ ಬಿಚ್ಚಿಕೊಂಡಿರಬಹುದೇ ಎಂಬ ಪ್ರಶ್ನೆಗೆ ಅವರ ಉತ್ತರ: “ಶಾಖಕ್ಕೆ ಬೀಗ ಬಿಚ್ಚಲ್ಲ ಸಾರ್, ಇನ್ನೂ ಗಟ್ಟಿಯಾಗಿ ಕಚ್ಕೊಳ್ಳುತ್ತೆ. ಆದ್ರೆ ನೀವು ಹೇಗೆ ಬೇಕೋ ಹಾಗೆ ಬರ್ಕೊಳ್ಳಿ, ನಾನು ಸಹಿ ಹಾಕ್ತೀನಿ. ನಮ್ಮನೆಯವಳು ನಿಮ್ಮಲ್ಲೇ ಟೈಪಿಸ್ಟು.” ಉತ್ತರದ ಎರಡನೆಯ ಭಾಗವನ್ನು ತಜ್ಞ ಅಭಿಪ್ರಾಯವೆಂದು ಅಂಗೀಕರಿಸಲಾಗಿದೆ.

9. ಎಲ್ಲ ದಾಖಲೆ, ಹೇಳಿಕೆ ಹಾಗೂ ತಜ್ಞ ಅಭಿಪ್ರಾಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಬೀಗ ಹಾಕಿತ್ತೆಂದೂ ಬೆಂಕಿಯ ಶಾಖಕ್ಕೆ ಅದು ತಾನಾಗಿಯೇ ಬಾಯಿ ಬಿಟ್ಟಿತೆಂದೂ ತೀರ್ಮಾನಿಸಲಾಗಿದೆ. ಕರ್ತವ್ಯಲೋಪ ಬೀಗದ್ದು. ಉಲ್ಲೇಖ (1)ರಂತೆ ಸದರಿ ಬೀಗವನ್ನು ಕೆಲಸದಿಂದ ತೆಗೆದು ಮೇಲಿನ ಕಚೇರಿಗೆ ವರದಿ ಮಾಡಲಾಗಿದೆ. ಅಕ್ಕನವರಿಗೆ ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ.

10. ಪರಿಶೀಲನೆಯ ವೇಳೆ ಉಳಿದ ಮೂರು ಮಹಡಿಗಳ ತುರ್ತು ಬಾಗಿಲುಗಳನ್ನು ಶಾಖಾಧಿಕಾರಿಯವರು ಈ ಬಾರಿ ಕುರ್ಚಿಯಿಂದೆದ್ದು ಹೋಗಿ, ಕೈಯಿಂದ ಎಳೆದು ನೋಡಿದರು. ಮೂರಕ್ಕೂ ಬೀಗ ಅತ್ಯಂತ ಭದ್ರವಾಗಿ ಹಾಕಿರುವುದು ಕಂಡುಬಂದಿತು. ಶಾಖಾಧಿಕಾರಿಯವರು ಅಲ್ಲಿಯೇ ಮೆಟ್ಟಿಲಿನ ಮೇಲೆ ಕುಳಿತು ಈ ಕೆಳಗಿನ ಆದೇಶವನ್ನು ಬರೆದರು. ಬೀಗ ಹಾಕುವ ಆದೇಶವನ್ನು ರದ್ದುಪಡಿಸುವ ಅಧಿಕಾರ ಈ ಕಚೇರಿಗೆ ಇರುವುದಿಲ್ಲ. ಬೀಗ ಯಾರು ಹಾಕಬೇಕೆಂದು ನಿಗದಿಪಡಿಸುವ ಅಧಿಕಾರವಿದೆ. ಆದ್ದರಿಂದ ನಾಳೆ ಬೆಳಗಿನಿಂದ ನಾಲ್ಕೂ ಮಹಡಿಗಳ ತುರ್ತು ಬಾಗಿಲುಗಳಿಗೆ ಬೀಗ ಹಾಕುವ ಹೊಣೆಯನ್ನು ಅಕ್ಕನವರೊಬ್ಬರಿಗೇ ವಹಿಸಿ ಈ ಮೂಲಕ ಆದೇಶಿಸಲಾಗಿದೆ. ಬೇರೆ ಯಾರೂ ಬೀಗಗಳನ್ನು ಮುಟ್ಟಕೂಡದು. ತಿಂಗಳ ಪರಿಶೀಲನೆಯನ್ನು ಶಾಖಾಧಿಕಾರಿಯವರು ಹಿಂದಿನಂತೆ ಕುರ್ಚಿಯಲ್ಲಿ ಕುಳಿತೇ ಮಾಡತಕ್ಕದ್ದು.

(ಸಹಿ)
ಶಾಖಾಧಿಕಾರಿ
ಇಪ್ಪತ್ತೇಳನೆಯವರಾಗಿ ಹೊರಬಂದವರು

ಪ್ರತಿಗಳು:
1. ಮೇಲಿನ ಕಚೇರಿಗೆ, ಬೀಗದ ಸಮೇತ.
2. ಸೂಪರಿಂಟೆಂಡೆಂಟರಿಗೆ, ಮಗಳ ಮನೆಯ ವಿಳಾಸಕ್ಕೆ.
3. ಬೀಗ ರಿಪೇರಿಯವರಿಗೆ, ವಂದನೆಗಳೊಂದಿಗೆ.
4. ಮೂರನೇ ಮಹಡಿಯಿಂದ ಪಾರಾದವರಿಗೆ, ತಲಾ ಒಂದರಂತೆ ಇಪ್ಪತ್ತೆಂಟು ಪ್ರತಿ.
5. ಕಡತಕ್ಕೆ. ಕಡತ ಉರಿದುಹೋಗಿರುವುದರಿಂದ ಸ್ಟೀಲ್ ಲೋಟದಡಿ ಇಡುವುದು.
6. ಅಕ್ಕನವರಿಗೆ, ಓದಲು ಬಾರದ ಕಾರಣ ಬಾಯಿಮಾತಿನಲ್ಲಿ: “ನಾಲ್ಕಕ್ಕೂ ಹಾಕಮ್ಮ. ಹಿಂದೆ ಹೇಗೆ ಹಾಕ್ತಿದ್ಯೋ ಹಾಗೇ.”