ಚರಂಡಿಗೆ ಬಚ್ಚಲ ಬಾಗಿಲು

ಊರಿನ ದೂರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತವನಿಗೆ ನಗುವಿಗೇನೂ ಬರಗಾಲವಿಲ್ಲ. ಭದ್ರಾವತಿಯಿಂದ ದಿನಾ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು ಪಾಲಿಕೆಯ ಆ ಕುರ್ಚಿಯಲ್ಲಿ ಕೂರುತ್ತಿದ್ದ ನನಗೆ ವಾರಕ್ಕೊಂದಾದರೂ ಇಂಥ ಪ್ರಸಂಗ ಸಿಗುತ್ತಿತ್ತು. ಆಗ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಈಗ ಇದೊಂದನ್ನು ಹೇಳಹೊರಟರೆ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

೧. ಮೂರು ಮೇಜು

ದುರ್ಗಿಗುಡಿಯ ಕಡೆಯಿಂದ ಒಬ್ಬ ಅಮ್ಮ ಬಂದರು. ಮನೆ ಮುಂದಿನ ಚರಂಡಿಯ ಚಪ್ಪಡಿ ಒಡೆದುಹೋಗಿತ್ತು. ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಲಕ್ವ ಹೊಡೆದ ಮೇಲೆ ವಾಕರ್ ಹಿಡಿದು ನಡೆಯುತ್ತಿದ್ದರು. ಎದುರಿನ ಟೀ ಅಂಗಡಿಯಲ್ಲಿ ಗೆಳೆಯರ ಜೊತೆ ಕೂರುವುದೊಂದೇ ಅವರಿಗಿದ್ದ ಸುಖ. ಈಗ ಚರಂಡಿ ದಾಟುವಂತಿರಲಿಲ್ಲ.

"ಇಂಜಿನಿಯರ್ ಸೆಕ್ಷನ್ನಿಗೆ ಹೋಗಿ ಅಮ್ಮಾ" ಅಂದೆ. ಅಲ್ಲಿಯವರು ಆರೋಗ್ಯ ವಿಭಾಗಕ್ಕೆ ಕಳಿಸಿದರು. ಆರೋಗ್ಯದವರು ನನ್ನ ಹತ್ತಿರ ಕಳಿಸಿದರು. ಮೂರನೇ ಸುತ್ತಿಗೆ ಅಮ್ಮ ಏದುಸಿರು ಬಿಡುತ್ತಾ, "ನಿಮ್ಮ ಮೆಟ್ಲು ಹತ್ತಿ ಇಳ್ದು ನನ್ನ ಮಂಡಿನೂ ಹೋಯ್ತು ಸಾರ್. ನಂಗೂ ಒಂದು ವಾಕರ್ ಬರ್ಕೊಳ್ಳಿ" ಎಂದರು.

೨. ಪರಿಹರಿಸಲಾಗಿದೆ

ಕೊನೆಗೆ ದೂರು ದಾಖಲಿಸಿದೆ. ಈಗೆಲ್ಲ ಆ್ಯಪ್, ಜಾಗದ ಫೋಟೊ ಹಾಕಬೇಕು. ನಮ್ಮ ಸೂಪರ್‌ವೈಸರ್ ಫೋಟೊ ತೆಗೆಯಲು ಹೋಗುವ ಹೊತ್ತಿಗೆ, ಬಂದವರು ಬೀಳದಿರಲಿ ಎಂದು ಅಮ್ಮ ಬಚ್ಚಲಮನೆಯ ಹಳೇ ತಗಡಿನ ಬಾಗಿಲನ್ನು ಚರಂಡಿಗೆ ಅಡ್ಡ ಹಾಕಿದ್ದರು. ಫೋಟೊದಲ್ಲಿ ಚರಂಡಿ ಮುಚ್ಚಿಯೇ ಇತ್ತು. ನಾನು ಕುರ್ಚಿ ಬಿಟ್ಟು ಏಳದೆ 'ಪರಿಹರಿಸಲಾಗಿದೆ' ಎಂದು ಒತ್ತಿಬಿಟ್ಟೆ. ಅಮ್ಮನ ಮೊಬೈಲಿಗೆ ಆ ಫೋಟೊ ಸಮೇತ ಸಂದೇಶ ಹೋಯಿತು. ತಕ್ಷಣ ಫೋನು.

"ಸಾರ್, ನಮ್ಮ ಬಚ್ಚಲ ಬಾಗ್ಲನ್ನೇ ಹೊಸ ಚಪ್ಪಡಿ ಮಾಡಿದೀರಂತಲ್ಲ, ಚಿಲಕ ಒಳಗಿಂದ ಹಾಕ್ಕೋಬೇಕಾ, ಹೊರಗಿಂದನಾ?"

ಫೋನಿಟ್ಟು ಹೇಳಿದೆ, ಆಫೀಸೆಲ್ಲ ನಕ್ಕಿತು. ಆ ತಗಡಿನ ಮೇಲೆ ವಾಕರ್ ಜಾರುತ್ತದೆ, ಯಜಮಾನರು ಇನ್ನೂ ಮನೆಯೊಳಗೇ ಇದ್ದಾರೆ ಎನ್ನುವುದು ನನಗೆ ಹೊಳೆಯದೇ ಇರಲಿಲ್ಲ. ನಾಳೆ ನೋಡೋಣ ಅಂದುಕೊಂಡೆ. ಆ ನಾಳೆ ಬರಲು ಎಂಟು ತಿಂಗಳು ಹಿಡಿಯಿತು.

೩. ಸ್ಥಳ ಪರಿಶೀಲನೆ

ಮನಸ್ಸು ಚುಚ್ಚಿ, ದೂರನ್ನು ಮತ್ತೆ ತೆರೆಸಿ ನಾನೇ ಹೋದೆ. ಬಾಗಿಲು ಎತ್ತಿಸಿ ಚರಂಡಿಯ ಫೋಟೊ ತೆಗೆದೆ. ಆ್ಯಪು ಮನೆ ನಂಬರಿನ ಫೋಟೊವನ್ನೂ ಕೇಳಿತು. ಗೋಡೆಯ ಮೇಲಿನ ನಂಬರು ಫೋಟೊದಲ್ಲಿ ಹಿಡಿಸಲೆಂದು ಚರಂಡಿಗೆ ಬೆನ್ನು ಹಾಕಿ, ಮೊಬೈಲ್ ನೋಡುತ್ತಾ ಹಿಂದೆ ಸರಿದೆ. ಜಗಲಿಯಲ್ಲಿ ಕೂತಿದ್ದ ಯಜಮಾನರು ಕೂಗಿದರು.

"ಮಾರಾಯ್ರೇ, ಹಿಂದೆ ಚರಂಡಿ!"

"ಗೊತ್ತು ಯಜಮಾನ್ರೇ, ಅದನ್ನ ನೋಡೋಕೇ ಬಂದಿರೋದು" ಎಂದವನೇ ಒಳಗೆ ಬಿದ್ದೆ.

ಕಾಲು ಮುರಿಯಿತು. ಬಿದ್ದವನು ಸಿಬ್ಬಂದಿಯಲ್ಲವೇ, ಮೂರೇ ದಿನಕ್ಕೆ ಚಪ್ಪಡಿ ಬಂತು. ಗಂಡ ಹೆಂಡತಿ ಬಾಳೆಹಣ್ಣು ಹಿಡಿದು ನನ್ನನ್ನು ನೋಡಲು ಭದ್ರಾವತಿಗೇ ಬಂದರು. ಚಪ್ಪಡಿ ಬರುವ ಹೊತ್ತಿಗೆ ಟೀ ಅಂಗಡಿ ಮುಚ್ಚಿ ಎರಡು ತಿಂಗಳಾಗಿತ್ತಂತೆ, ಗೆಳೆಯರೆಲ್ಲ ಚದುರಿಹೋಗಿದ್ದರಂತೆ.

"ಎಂಟು ತಿಂಗ್ಳ ಹಿಂದೆನೇ ಮಾಡ್ಬೇಕಿತ್ತು" ಅಂದೆ.

"ಹೌದು ಮಾರಾಯ್ರೇ" ಎಂದರು ಯಜಮಾನರು, ನನ್ನ ಬ್ಯಾಂಡೇಜು ಸವರುತ್ತಾ. "ಆಗ್ಲೇ ಬಿದ್ದುಬಿಡ್ಬೇಕಿತ್ತು ನೀವು."