ಡಾಕ್ಟರ ಕೋಟಿಗೆ ನಾಲ್ಕು ಸಾಕ್ಷಿ

ಗಲಾಟೆ ಶುರುವಾದದ್ದು ‘ಎಷ್ಟು ಜನ ಹೆಂಗಸರು?’ ಎಂಬ ಪ್ರಶ್ನೆಯಿಂದ.

ಕೇಳಿದವನು ಲಾಂಡ್ರಿಯಲ್ಲಿ ಬಟ್ಟೆಯ ಕಲೆ ತೆಗೆಯುವವನು. ಎಲ್ಲರೂ ಅವನನ್ನು ಕಲೆಯಪ್ಪ ಎಂದೇ ಕರೆಯುವುದು. ಮೂವತ್ತು ವರ್ಷ ಬಟ್ಟೆಯಲ್ಲಿ ಕಲೆ ಹುಡುಕಿ ಹುಡುಕಿ, ಲೋಕದಲ್ಲಿ ಚೊಕ್ಕಟವಾದದ್ದು ಯಾವುದೂ ಅವನ ಕಣ್ಣಿಗೆ ಬೀಳದಂತಾಗಿತ್ತು. ಉತ್ತರ ಹೇಳಬೇಕಾದವನು ಪಕ್ಕದ ಮೇಜಿನ ಇಸ್ತ್ರಿಯಣ್ಣ. ಒಂದು ಭಾನುವಾರವೂ ಚರ್ಚು ತಪ್ಪಿಸದ ಸಾಧು ಮನುಷ್ಯ.

“ಅಲ್ಲಯ್ಯಾ, ಯೇಸು ಸತ್ತ ಮೇಲೆ ಎದ್ದುಬಂದ, ಸಮಾಧಿ ಖಾಲಿ ಇತ್ತು ಅಂತೀರಲ್ಲ, ನೋಡೋಕೆ ಹೋದ ಹೆಂಗಸರು ಎಷ್ಟು ಜನ? ಬೈಬಲಲ್ಲಿ ಅದನ್ನ ಬರೆದ ನಾಲ್ವರಲ್ಲಿ ಒಬ್ಬ ಒಬ್ಬಳ ಹೆಸರು ಹೇಳ್ತಾನೆ, ಇನ್ನೊಬ್ಬ ಇಬ್ಬರು ಅಂತಾನೆ, ಮತ್ತೊಬ್ಬ ಮೂವರು. ದೇವದೂತರೂ ಅಷ್ಟೇ, ಒಂದ್ಕಡೆ ಒಬ್ಬ, ಇನ್ನೊಂದ್ಕಡೆ ಇಬ್ಬರು. ನಾಲ್ಕು ಜನ ನಾಲ್ಕು ಥರ ಹೇಳಿದ್ರೆ ನಂಬೋದು ಯಾರನ್ನ?”

ಇಂಥ ಪ್ರಶ್ನೆಗಳಿಗೆಂದೇ ಇಸ್ತ್ರಿಯಣ್ಣ ಎರಡು ವಾರ ಪಾಸ್ಟರ ಮುಂದೆ ಕೂತು ಪಾಠ ಹೇಳಿಸಿಕೊಂಡು ಬಂದಿದ್ದ.

“ನಾಲ್ಕು ಜನ ಅಕ್ಷರಕ್ಕಕ್ಷರ ಒಂದೇ ಹೇಳಿದ್ರೆ ಮೊದ್ಲೇ ಮಾತಾಡ್ಕೊಂಡು ಬಂದಿದ್ದಾರೆ ಅಂತ ಅರ್ಥ. ಸಣ್ಣಪುಟ್ಟದ್ರಲ್ಲಿ ಬೇರೆ ಬೇರೆ, ಮುಖ್ಯ ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ನಿಜವಾದ ಸಾಕ್ಷಿ ಇರೋದೇ ಹಾಗೆ. ಇನ್ನೊಂದು ಕೇಳು. ಶಿಷ್ಯರು ಈ ಮಾತಿಗೋಸ್ಕರ ಒದೆ ತಿಂದ್ರು, ಜೈಲಿಗೆ ಹೋದ್ರು. ಸುಳ್ಳು ಅಂತ ಗೊತ್ತಿದ್ದೂ ಅದಕ್ಕೆ ಯಾರಾದ್ರೂ ಶಿಕ್ಷೆ ತಗೋತಾರಾ?”

ಕಲೆಯಪ್ಪ ಬ್ರಷ್ಷನ್ನು ಕೆಳಗಿಟ್ಟ. ಹದಿನೆಂಟು ವರ್ಷದ ಸ್ನೇಹದಲ್ಲಿ ವಾದದ ನಡುವೆ ಅವನು ಬ್ರಷ್ಷು ಕೆಳಗಿಟ್ಟದ್ದು ಇದೇ ಮೊದಲು. “ಸಂಜೆಯೊಳಗೆ ನಿನ್ನ ಈ ವಾದದಲ್ಲಿ ನನಗೆ ಕಲೆ ಸಿಗದಿದ್ರೆ ಈ ಭಾನುವಾರ ನಿನ್ನ ಜೊತೆ ಚರ್ಚಿಗೆ ಬರ್ತೀನಿ” ಎಂದ.

ಗೆಳೆಯನನ್ನು ಒಂದು ಸಲವಾದರೂ ಪಕ್ಕದಲ್ಲಿ ಕೂರಿಸಿಕೊಂಡು ಪ್ರಾರ್ಥನೆ ಮಾಡಬೇಕೆಂಬುದು ಇಸ್ತ್ರಿಯಣ್ಣನ ಬಹಳ ದಿನದ ಆಸೆ. ಖುಷಿಯಲ್ಲಿ ಅವನು ಒಂದೇ ಷರಟಿಗೆ ಎರಡು ಸಲ ಇಸ್ತ್ರಿ ಹಾಕಿದ.

ಮಧ್ಯಾಹ್ನ ಯಜಮಾನಿ ಒಳಗಿನ ಕಪಾಟಿನಿಂದ ಬಿಳಿ ಕೋಟೊಂದನ್ನು ಹಿಡಿದುಕೊಂಡು ಬಂದರು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರ ಕೋಟು ಅದು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಗುರುತು.

“ನಾನು ಈ ಕೋಟು ಮುಟ್ಟೇ ಇಲ್ಲಮ್ಮ” ಎಂದ ಇಸ್ತ್ರಿಯಣ್ಣ. ಆಣೆಗೂ ಮುಟ್ಟಿರಲಿಲ್ಲ.

ಆದರೆ ನೋಡಿದವರಿಗೆ ಬರವೇ? “ಬೆಳಿಗ್ಗೆ ಇವರಿಬ್ರೂ ವಾದ ಮಾಡ್ತಿದ್ದಾಗ ಕೋಟಿಂದ ಹೊಗೆ ಬಂತು, ಕಣ್ಣಾರೆ ನೋಡ್ದೆ” ಎಂದಳು ಬಟ್ಟೆ ಮಡಿಸುವ ಅಕ್ಕ. “ಬೆಳಿಗ್ಗೆ ಅಲ್ಲ, ಊಟ ಆದ್ಮೇಲೆ. ಹೊಗೆ ಇರ್ಲಿಲ್ಲ, ವಾಸನೆ ಇತ್ತು” ಎಂದ ವ್ಯಾನ್ ಡ್ರೈವರ್. ಯಾರೂ ಕರೆಯದಿದ್ದರೂ ಎದುರಿನ ಕನ್ನಡಕದಂಗಡಿಯವನು ರಸ್ತೆ ದಾಟಿ ಬಂದು, ಇಸ್ತ್ರಿಯಣ್ಣ ಒಂದಲ್ಲ ಎರಡು ಪೆಟ್ಟಿಗೆ ಹಿಡಿದಿದ್ದ ಎಂದ. ಮಹಡಿ ಮೇಲಿನ ಅಜ್ಜಿ, ಇವನು ‘ಅಯ್ಯೋ ಸುಟ್ಟೆ’ ಅಂದದ್ದು ಮೇಲಿನವರೆಗೂ ಕೇಳಿಸಿತು ಎಂದು ಮೆಟ್ಟಿಲ ಮೇಲಿಂದಲೇ ಹೇಳಿದರು.

“ನೋಡಿ ಅಮ್ಮ, ನಾಲ್ಕು ಜನ ನಾಲ್ಕು ಥರ ಹೇಳ್ತಿದ್ದಾರೆ. ಇದನ್ನ ಹೇಗೆ...” ಎಂದು ಶುರುಮಾಡಿದ ಇಸ್ತ್ರಿಯಣ್ಣ ಅಲ್ಲಿಗೇ ನಿಂತ. ಕಲೆಯಪ್ಪ ಮೇಜಿಗೆ ಒರಗಿ ಅವನನ್ನೇ ನೋಡುತ್ತಿದ್ದ.

“ಹೇಳು, ಹೇಳು. ಸಣ್ಣಪುಟ್ಟದ್ರಲ್ಲಿ ಬೇರೆ ಬೇರೆ. ಮುಖ್ಯ ವಿಷಯದಲ್ಲಿ?”

ಇಸ್ತ್ರಿಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ನಾಲ್ವರೂ ಸುಳ್ಳು ಎಂದರೆ ಬೆಳಗಿನ ವಾದ ಹೋಯಿತು, ವಾದದ ಜೊತೆಗೆ ಭಾನುವಾರವೂ ಹೋಯಿತು. ಅವನು ಯಜಮಾನಿಯ ಕಡೆ ತಿರುಗಿ, “ಹೌದಮ್ಮ, ನಾನೇ ಸುಟ್ಟಿದ್ದು” ಎಂದುಬಿಟ್ಟ.

“ಇದಕ್ಕೇನು ಮಾಡೋದು ಅಂತ ಸಂಜೆ ಹೇಳ್ತೀನಿ” ಎಂದು ಯಜಮಾನಿ ಒಳಗೆ ಹೋದರು.

ಸಂಜೆ ಅವರಿಗಿಂತ ಮೊದಲು ಬಂದವರು ಡಾಕ್ಟರು. ಕೋಟು ನೋಡಿ ನಾಚಿಕೊಂಡು ನಕ್ಕರು. “ನಿನ್ನೆ ಮನೇಲಿ ನಾನೇ ಇಸ್ತ್ರಿ ಮಾಡೋಕೆ ಹೋಗಿ ಸುಟ್ಕೊಂಡೆ. ಈ ಗುರುತು ಹೋಗುತ್ತಾ ಅಂತ ಕೇಳೋಕೇ ಹುಡುಗನ ಕೈಲಿ ಕಳಿಸಿದ್ದು, ಅವನು ಹೇಳ್ಲಿಲ್ವಾ?”

ಅಕ್ಕನಿಗೆ ತಟ್ಟನೆ ಮಡಿಸಬೇಕಾದ ಬಟ್ಟೆಗಳ ನೆನಪಾಯಿತು, ಡ್ರೈವರಿಗೆ ವ್ಯಾನಿನ ನೆನಪಾಯಿತು. ಇಸ್ತ್ರಿಯಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ನಾಲ್ವರು ಒಪ್ಪಿದ ಮುಖ್ಯ ವಿಷಯವೇ ಸುಳ್ಳಾಗಿತ್ತು. ಸುಳ್ಳೆಂದು ಗೊತ್ತಿದ್ದೂ ಶಿಕ್ಷೆಗೆ ತಲೆಯೊಡ್ಡಿದ ಮನುಷ್ಯನೊಬ್ಬನೂ ಸಿಕ್ಕಿದ್ದ, ಅವನು ತಾನೇ ಆಗಿದ್ದ. ಅವನಿಗೆ ಅಳು ಬರುವಂತಾಯಿತು.

“ಭಾನುವಾರ ಎಷ್ಟು ಗಂಟೆಗೆ ನಿಮ್ಮ ಚರ್ಚು?” ಎಂದ ಕಲೆಯಪ್ಪ.

“ವಾದ ಬಿದ್ದೋಯ್ತಲ್ಲೋ.”

“ನಿನ್ನ ಎರಡು ವಾದವೂ ಬಿದ್ದೋಯ್ತು. ಆದ್ರೆ ತಾನು ಮಾಡದ ತಪ್ಪನ್ನ ಇನ್ನೊಬ್ಬನಿಗೋಸ್ಕರ ಮೈಮೇಲೆ ಹಾಕ್ಕೊಳ್ಳೋ ಮನುಷ್ಯನ್ನ ನಾನು ನೋಡಿದ್ದು ಇವತ್ತೇ. ಅಂಥ ಬುದ್ಧಿ ನಿನಗೆ ಎಲ್ಲಿಂದ ಬಂತು ಅಂತ ಹೋಗಿ ನೋಡ್ಬೇಕು.”

“ಒಂಬತ್ತು ಗಂಟೆಗೆ. ಒಟ್ಟಿಗೇ ಹೋಗೋಣ” ಎಂದ ಇಸ್ತ್ರಿಯಣ್ಣ.

ಅಷ್ಟರಲ್ಲಿ, ಡಾಕ್ಟರ ಮಾತನ್ನು ಒಳಗಿಂದಲೇ ಕೇಳಿಸಿಕೊಂಡಿದ್ದ ಯಜಮಾನಿ ಹೊರಗೆ ಬಂದರು. “ಕೋಟಿನ ವಿಷಯಕ್ಕೆ ನಿನಗೇನೂ ಶಿಕ್ಷೆ ಇಲ್ಲ. ಆದ್ರೆ ನನ್ನ ಮುಖ ನೋಡ್ಕೊಂಡು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ಯಲ್ಲ, ಅದಕ್ಕೆ ಈ ಭಾನುವಾರ ನಿನಗೆ ರಜೆ ಇಲ್ಲ. ಒಂಬತ್ತು ಗಂಟೆಗೆ ಮೇಜಿನ ಹತ್ರ ಇರ್ಬೇಕು.”

ಇಸ್ತ್ರಿಯಣ್ಣ ಗೆಳೆಯನ ಮುಖ ನೋಡಿದ. ಕಲೆಯಪ್ಪ ಅವನ ಬೆನ್ನು ತಟ್ಟಿದ.

“ನೀನು ಕೊರಗ್ಬೇಡ, ನಾನು ಹೋಗ್ಬರ್ತೀನಿ. ನಿಮ್ಮ ಇಸ್ತ್ರಿಯಣ್ಣ ಯಾಕೆ ಬರ್ಲಿಲ್ಲ ಅಂತ ಪಾಸ್ಟರ್ ಕೇಳಿದ್ರೆ, ನಿಜ ಹೇಳ್ತೀನಿ. ಸುಳ್ಳು ಹೇಳಿ ಸಿಕ್ಕಿಬಿದ್ದ ಅಂತ.”